ಬೈಗುಳವಿಲ್ಲದ ಹೆಡ್‌ಫೋನ್

ಮಾರ್ಚ್ ೧೪, ಗುರುವಾರ

ಇಂದಿನ ನೇರಪ್ರಸಾರದಲ್ಲಿ ಡೈರೆಕ್ಟರ್ ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಏನೋ ಮಸಲತ್ತಿದೆ. ನನ್ನ ಕ್ಯಾಮೆರಾದಲ್ಲಿ ಗಾಯಕಿಯ ಮುಖ ಮಸುಕಾದಾಗ ಹೆಡ್‌ಫೋನಿನಲ್ಲಿ, "ಏಯ್ ಅಜ್ಜ, ಕಣ್ಣು ಮನೇಲಿಟ್ಟು ಬಂದ್ಯಾ?" ಎನ್ನಬೇಕಿತ್ತು. ಬದಲಿಗೆ, "ಪರವಾಗಿಲ್ಲ ಸಾರ್, ನಿಧಾನಕ್ಕೆ ಮಾಡಿ" ಎಂದ. ಸಾರ್ ಅಂತೆ! ಪರೀಕ್ಷಿಸೋಣವೆಂದು ಬೇಕೆಂದೇ ಫ್ರೇಮನ್ನು ಓರೆ ಮಾಡಿದೆ. ಆಗಲೂ ಬೆಣ್ಣೆಯಂಥ ಮಾತು. ಆದರೆ ನನ್ನ ಕ್ಯಾಮೆರಾದ ಕೆಂಪು ದೀಪ ಆಮೇಲೆ ಹತ್ತಲೇ ಇಲ್ಲ. ಅಂದರೆ ನಾನು ತೆಗೆದದ್ದು ಯಾರ ಟೀವಿಗೂ ಹೋಗಲಿಲ್ಲ.

'ಪೊಲೈಟ್‌ನೆಸ್ ಈಸ್ ದಿ ಮದರ್ ಆಫ್' ಏನೋ ಅಂತ ಕಾಲೇಜಿನಲ್ಲಿ ಓದಿದ್ದೆ. ತಾಯಿ ನೆನಪಿದ್ದಾಳೆ, ಮಗು ಮರೆತುಹೋಗಿದೆ.

ನನ್ನನ್ನು ಮನೆಗೆ ಕಳಿಸುವ ಮಾತು ಒಳಗೊಳಗೇ ಮುಗಿದಿರಬೇಕು. ನನ್ನವಳೂ ಆಸ್ಪತ್ರೆಯ ಕೊನೆಯ ವಾರದಲ್ಲಿ ಬೈಯುವುದನ್ನು ಬಿಟ್ಟಿದ್ದಳು. ಗುಣವಾಗುತ್ತಿದ್ದಾಳೆಂದು ನಾನು ನೆಂಟರಿಗೆಲ್ಲ ಫೋನು ಮಾಡಿ ಹೇಳಿದ್ದೆ.