ರದ್ದಿಗೆ ಹೋದ ಸರ್ವೆ

ಆದೋನಿ
೨೪ ಅಕ್ಟೋಬರ್ ೨೦೨೫

ಅಣ್ಣನಿಗೆ ವಿಜಯಶ್ರೀಯ ನಮಸ್ಕಾರ.

ನೀನು, ಅತ್ತಿಗೆ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ, ಕೇಳುವ ಮನಸ್ಸಿಲ್ಲ. ಹೊಟ್ಟೆ ಉರಿಯುತ್ತಿದೆ. ಫೋನಿನಲ್ಲಾದರೆ ನಡುವೆಯೇ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹಬ್ಬಕ್ಕೆ ಬಳ್ಳಾರಿಗೆ ಹೋಗಿ ಬಂದು ಲೈಬ್ರರಿ ಬಾಗಿಲು ತೆಗೆದರೆ ಗೋಡೆಗೆಲ್ಲ ಹೊಸ ಸುಣ್ಣ, ಅರ್ಧ ಕಪಾಟು ಖಾಲಿ. ರದ್ದಿ ಅಂಗಡಿಯ ಯಂಕಣ್ಣನ ಹತ್ತಿರ ಓಡಿದೆ. "ನಿಮ್ಮಣ್ಣ ವಾಗೀಶಪ್ಪಾರೇ ಕಳಿಸ್ಯಾರಲ್ಲಕ್ಕಾ. ದೀಪಾವಳಿಗೆ ಅಂಗಡಿ ಕಾಗದ ತೆಗದಂಗ ಇದನ್ನೂ ತೆಗದಾರ. ಮೊನ್ನೇನೇ ಲಾರಿಗೆ ಹೋತು" ಎಂದ.

ಹಬ್ಬಕ್ಕೆ ಹಳೇ ಕಾಗದ ಹೊರಗೆ ಹಾಕಿ ಸುಣ್ಣ ಹೊಡೆಸುವುದು ನಮ್ಮ ಹತ್ತಿ ಅಂಗಡಿಯ ರೂಢಿ. ಲೈಬ್ರರಿ ಅಂಗಡಿಯಲ್ಲ. ಲೈಬ್ರರಿ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ನೀನೇ ಇರಬಹುದು, ಹನ್ನೆರಡು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವ ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ರಟ್ಟು ಹಾಕಿದ ಪುಸ್ತಕಗಳನ್ನು ಜೋಪಾನವಾಗಿ ಉಳಿಸಿದ್ದೀಯ. ಅವು ಯಾವ ಊರಲ್ಲಾದರೂ ಸಿಗುತ್ತವೆ. ನೀನು ರದ್ದಿಗೆ ಹಾಕಿದ, ದಾರ ಕಟ್ಟಿದ ಆ ಕಾಗದದ ಕಟ್ಟುಗಳು ಇದ್ದದ್ದು ಇಲ್ಲೊಂದೇ ಕಡೆ.

ಸುಭದ್ರಮ್ಮ ಟೀಚರ್ ೧೯೯೬ರಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳ ಹೆಣ್ಣಾಳುಗಳ ಮನೆಮನೆಗೆ ಹೋಗಿ, ಹತ್ತಿ ಧೂಳಿನಲ್ಲಿ ಎಷ್ಟು ವರ್ಷ ಇದ್ದೀರಿ, ಉಸಿರು ಕಟ್ಟುತ್ತದೆಯೇ ಎಂದು ಕೇಳಿ, ಮಿಲ್ಲಿಗೊಂದು ಕಟ್ಟಿನಂತೆ ಬರೆದಿಟ್ಟ ಸರ್ವೆ ಅದು. ಎದೆ ಹಾಳಾದ ಆ ಹೆಂಗಸರಿಗೆ ಪಿಂಚಣಿ ಕೊಡಬೇಕೆಂದು ಹಾಲಹರವಿಯ ಮೌನಿಕಾ ಸರಕಾರದ ಸಮಿತಿಗೆ ವರದಿ ಬರೆಯುತ್ತಿದ್ದಾಳೆ. ಆಗಿನ ಕಾಲದ ಪುರಾವೆ ಸೋಮವಾರದೊಳಗೆ ಕೊಡಬೇಕು. ಕರ್ನೂಲು, ಹೈದರಾಬಾದ್ ಎಲ್ಲ ತಿರುಗಿ ಕೊನೆಗೆ ನಮ್ಮಲ್ಲಿಗೆ ಬಂದಿದ್ದಳು. "ಎಲ್ಲಾ ನೆಟ್‌ನಾಗ ಇರ್ತೈತಿ ಬಿಡಮ್ಮಾ" ಎಂದು ನೀನು ಅವಳಿಗೆ ಅಂದೆಯಂತೆ. ಯಾವ ನೆಟ್‌ನಲ್ಲಿದೆಯೋ ನನಗೂ ತೋರಿಸು.

ನಿನ್ನೆ ಅವಳ ಜೊತೆ ಹುಸೇನಮ್ಮ ಬಂದಿದ್ದಳು, ಅಪ್ಪ ನಡೆಸುತ್ತಿದ್ದ ನಮ್ಮ ಮಿಲ್ಲಿನಲ್ಲೇ ಹದಿನೆಂಟು ವರ್ಷ ದುಡಿದವಳು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ದಮ್ಮು ಹತ್ತಿ ಕೂತುಬಿಟ್ಟಳು. "ಆ ಟೀಚರಮ್ಮ ನನ್ನ ಹೆಸರು ಬರ್ಕೊಂಡಿದ್ಲು ತಾಯೀ, ಆ ಕಾಗದ ಐತೇನು?" ಎಂದಳು. ಇಲ್ಲ ಅಂದೆ. ಆ ಮಾತು ನನ್ನ ಬಾಯಿಂದ ಬರುವಂತೆ ಮಾಡಿದೆಯಲ್ಲ, ಅದಕ್ಕೆ ನಿನ್ನನ್ನು ಕ್ಷಮಿಸುವುದಿಲ್ಲ.

ಇಷ್ಟಾದರೂ ನಿನ್ನ ತಂಗಿಯೇ,
ವಿಜಯಶ್ರೀ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಹುಸೇನಮ್ಮನಿಗೆ ನಾನು ಹೇಳಿದ್ದು ಸುಳ್ಳು. ನಮ್ಮ ಮಿಲ್ಲಿನ ಕಟ್ಟು ಉಳಿದಿದೆ. ಅಪ್ಪನ ಹೆಸರು ಕೆಡಬಾರದೆಂದು ಕೆಲಸಕ್ಕೆ ಸೇರಿದ ವರ್ಷವೇ ಅದನ್ನು ಕಪಾಟಿನಿಂದ ಕದ್ದು ಮನೆಯಲ್ಲಿ ಬಚ್ಚಿಟ್ಟಿದ್ದೆ. ಇವತ್ತು ಬೆಳಿಗ್ಗೆ ಮೌನಿಕಾಳ ಕೈಗೆ ಕೊಟ್ಟೆ. ಅದರಲ್ಲಿ ನಲವತ್ತೊಂದು ಹೆಂಗಸರ ಹೆಸರಿದೆ. ಉಳಿದ ಮಿಲ್ಲುಗಳ ಹೆಂಗಸರು ತಮ್ಮ ಕಾಗದ ಕೇಳಿಕೊಂಡು ಸೋಮವಾರ ಬರುತ್ತಾರೆ. ಅವರಿಗೆ ಇಲ್ಲ ಎನ್ನಲು ನೀನೇ ಬಾ.