ಅಕ್ಕನ ಹೆಬ್ಬೆರಳು ಮತ್ತು ನಿಮ್ಮ ಜಾರುವ ನಕ್ಷೆ

ವಿಮಾನಯಾನ ನಕ್ಷೆ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದೇ ಶುರು ಮಾಡಬೇಕೆಂದಿದ್ದೆ. ಆದರೆ ಈ ಹಿಂದೆ ನಿಮಗೆ ಬರೆದ ಪತ್ರಗಳೆಲ್ಲ ಹಾಗೆಯೇ ಶುರುವಾಗಿದ್ದವು, ಒಂದಕ್ಕೂ ಉತ್ತರ ಬರಲಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಚೇರಿ ಕಾಗದದ ನಕ್ಷೆ ಮುದ್ರಿಸುವುದನ್ನು ನಿಲ್ಲಿಸಿ, ನಕ್ಷೆಯನ್ನು ಟ್ಯಾಬ್‌ನಲ್ಲಿ ಮಾತ್ರ ಕೊಡತೊಡಗಿತು. ಅದರಿಂದ ಒಂದು ಎಡವಟ್ಟಾಯಿತು. ಆ ಎಡವಟ್ಟನ್ನು ನೀವು ನನ್ನ ಅಕ್ಕನ ತಲೆಗೆ ಕಟ್ಟಿದಿರಿ. ನನ್ನ ಭಾವನ ಪೈಲಟ್ ಲೈಸೆನ್ಸನ್ನು ಕಿತ್ತುಕೊಂಡು, ಆಮೇಲೆ ದೊಡ್ಡ ಮನಸ್ಸು ಮಾಡಿ ಒಂದು ಷರತ್ತಿನೊಡನೆ ವಾಪಸು ಕೊಟ್ಟಿರಿ. ಆ ಷರತ್ತನ್ನು ತೆಗೆಯಿರಿ ಎಂದು ಕೇಳಲು ಈ ಪತ್ರ. ನೀವು ತೆಗೆಯುತ್ತೀರೆಂಬ ನಂಬಿಕೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಹೊಟ್ಟೆಯುರಿ ತಡೆಯಲಾಗುತ್ತಿಲ್ಲ. ಮನೆಯಲ್ಲಿ ಹೇಳಿ ಹೇಳಿ ಈಗ ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ನಾವು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನೂರಾರು ಜನರನ್ನು ಹೊತ್ತು ದೇಶ ಸುತ್ತುವ ದೊಡ್ಡ ಪೈಲಟ್‌ಗಳಲ್ಲ. ರಜೆಯ ದಿನ ಹವಾ ಚೆನ್ನಾಗಿದ್ದರೆ ಎರಡು ಸೀಟಿನ ಪುಟ್ಟ ವಿಮಾನವನ್ನು ಶೆಡ್ಡಿನಿಂದ ಕೈಯಲ್ಲೇ ತಳ್ಳಿ ಹೊರತಂದು, ನೂರು ಮೈಲಿ ಹೋಗಿ, ಅಲ್ಲೊಂದು ಲೋಟ ಚಹಾ ಕುಡಿದು ವಾಪಸು ಬರುವವರು. ನಾನು ಕನ್ನಡಕದ ಅಂಗಡಿ ಇಟ್ಟವನು. ಭಾವ ನಿವೃತ್ತ ಲಿಫ್ಟ್ ಮೆಕ್ಯಾನಿಕ್. ಜೀವಮಾನವೆಲ್ಲ ಕಿಟಕಿಯಿಲ್ಲದ ಡಬ್ಬಿಯಲ್ಲಿ ಮೇಲೆ ಕೆಳಗೆ ಓಡಾಡಿ ಸಾಕಾಗಿತ್ತು, ಸಾಯೋದರೊಳಗೆ ಒಂದಿಷ್ಟು ಅಡ್ಡಡ್ಡ ಹೋಗೋಣ ಅಂತ ವಿಮಾನ ಕಲಿತೆ ಎನ್ನುತ್ತಾರೆ. ಅಕ್ಕ ಹೊಲಿಗೆ ಅಂಗಡಿ ನಡೆಸಿದವಳು. ಅವಳ ಬಳಿ ಯಾವ ಲೈಸೆನ್ಸೂ ಇಲ್ಲ. ಅವಳಿಲ್ಲದೆ ಭಾವ ನಮ್ಮ ರನ್‌ವೇ ಕಣ್ಣಿಂದ ಮರೆಯಾಗುವಷ್ಟು ದೂರ ಒಮ್ಮೆಯೂ ಹೋದವರಲ್ಲ.

ಏಕೆಂದರೆ ನಕ್ಷೆ ಹಿಡಿಯುತ್ತಿದ್ದವಳು ಅವಳು. ಮಂಚದ ಹಾಸಿಗೆಯಷ್ಟು ಅಗಲದ ನಿಮ್ಮ ನಕ್ಷೆಯನ್ನು ಅಂದಿನ ದಾರಿ ಮಾತ್ರ ಮೇಲೆ ಬರುವಂತೆ ಮಡಿಸಿ, ತೊಡೆಯ ಮೇಲಿಟ್ಟುಕೊಂಡು, ವಿಮಾನ ಎಲ್ಲಿದೆಯೋ ಅಲ್ಲಿ ಹೆಬ್ಬೆರಳು ಊರುತ್ತಿದ್ದಳು. ಕೆಳಗೆ ರೈಲು ಹಳಿ ದಾಟಿತೇ, ಬೆರಳು ಹಳಿಯ ಗೆರೆ ದಾಟುತ್ತಿತ್ತು. ಹೊಳೆ ತಿರುಗಿತೇ, ಬೆರಳೂ ತಿರುಗುತ್ತಿತ್ತು. ನಮ್ಮ ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸುವುದೂ ಇದನ್ನೇ: ಒಮ್ಮೆ ಊರಿದ ಬೆರಳನ್ನು ಇಳಿಯುವವರೆಗೂ ನಕ್ಷೆಯಿಂದ ಎತ್ತಬಾರದು. ಉಳಿದವರು ಸೀನು ಬಂದರೆ ಎತ್ತುತ್ತಿದ್ದರು, ಅಕ್ಕ ಎತ್ತುತ್ತಿರಲಿಲ್ಲ. ಕ್ಲಬ್ಬಿನವರು ಅವಳಿಗೆ ಹೆಬ್ಬೆಟ್ಟಮ್ಮ ಎಂದು ಹೆಸರಿಟ್ಟಿದ್ದರು, ಅವಳಿಗೂ ಅದರಿಂದ ಬೇಜಾರಿರಲಿಲ್ಲ. "ಎಲ್ಲಿದ್ದೀವೇ?" ಎಂದು ಭಾವ ಕೇಳಿದರೆ, "ನನ್ನ ಹೆಬ್ಬೆಟ್ಟಿನ ಕೆಳಗಿದ್ದೀವಿ, ಮುಂದೆ ನೋಡ್ಕೊಂಡು ಓಡ್ಸಿ" ಎನ್ನುತ್ತಿದ್ದಳು. ಆ ಮಾತಿಗೆ ಬೇರೆ ಅರ್ಥ ಹಚ್ಚಿ ನಾವೆಲ್ಲ ಭಾವನನ್ನು ಗೋಳು ಹೊಯ್ದುಕೊಂಡಿದ್ದೂ ಉಂಟು.

ಟ್ಯಾಬ್ ಕಂಡರಾಗದ ಹಳೇ ಕಾಲದ ಮುದುಕನೊಬ್ಬ ಗೊಣಗುತ್ತಿದ್ದಾನೆ ಎಂದು ಪತ್ರವನ್ನು ಪಕ್ಕಕ್ಕೆ ಸರಿಸಬೇಡಿ. ನಾನು ಟ್ಯಾಬ್ ಬಳಸುತ್ತೇನೆ, ಚೆನ್ನಾಗಿದೆ. ಬೆರಳಲ್ಲಿ ಹಿಗ್ಗಿಸಿದರೆ ಊರಿನ ಹೆಸರು ದೊಡ್ಡದಾಗುತ್ತದೆ. ದಿನವಿಡೀ ಜನರ ಕಣ್ಣಿನ ನಂಬರು ನೋಡುವವನಿಗೆ ಅದರ ಬೆಲೆ ಗೊತ್ತಿರದೆ ಇರುತ್ತದೆಯೇ? ವಿಮಾನ ಎಲ್ಲಿದೆಯೆಂದು ಅದೇ ತೋರಿಸುತ್ತದೆ. ಬಿಸಿಲಿಗೆ ಕಾದು ಆರಿಹೋಗದಿದ್ದರೆ, ಚಾರ್ಜು ಇದ್ದರೆ, ಗಾಜಿನ ಮೇಲೆ ಸೂರ್ಯ ಬೀಳದಿದ್ದರೆ, ಅದರಂಥ ಸಂಗಾತಿ ಇಲ್ಲ. ನನ್ನ ತಕರಾರು ಟ್ಯಾಬ್ ತಂದಿದ್ದಕ್ಕಲ್ಲ, ಕಾಗದವನ್ನು ಕಿತ್ತುಕೊಂಡಿದ್ದಕ್ಕೆ. ಎರಡೂ ಇದ್ದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಬೇಡಿಕೆ ಇಲ್ಲದ್ದರಿಂದ ಮುದ್ರಣ ನಿಲ್ಲಿಸಲಾಗಿದೆ ಎಂದು ನಿಮ್ಮ ಆದೇಶ ಹೇಳುತ್ತದೆ. ಇದನ್ನು ಓದಿ ನಾನು ಅಂಗಡಿಯಲ್ಲಿ ಗಿರಾಕಿಯೆದುರೇ ನಕ್ಕುಬಿಟ್ಟೆ. ನಿಮ್ಮ ಕಟ್ಟಡದ ಕೆಳಮಹಡಿಯಲ್ಲಿ ನಕ್ಷೆ ಮಾರುವ ಕಿಟಕಿಯೊಂದಿತ್ತು. ಮೊದಲು ಅದನ್ನು ಬೆಳಗಿನ ಹೊತ್ತು ಮಾತ್ರ ತೆರೆದಿರಿ. ಆಮೇಲೆ ವಾರಕ್ಕೊಂದು ದಿನ ಮಾಡಿದಿರಿ. ಆಮೇಲೆ ಅದಕ್ಕೆ ಹಲಗೆ ಹೊಡೆದು ಮುಂದೆ ಹೂಕುಂಡವಿಟ್ಟಿರಿ. ಹೂಕುಂಡದ ಹತ್ತಿರ ನಕ್ಷೆ ಕೇಳಿಕೊಂಡು ಯಾರೂ ಬರುತ್ತಿಲ್ಲವೆಂದು ಕಂಡುಹಿಡಿಯಲು ನಿಮಗೆ ಸಮಿತಿ ಬೇಕಾಯಿತು. ಇನ್ನು ನಮ್ಮ ಕೈಯಲ್ಲಿದ್ದ ಹಳೆಯ ನಕ್ಷೆಗಳಿಗೆ ಅವಧಿ ಮುಗಿಯಿತು. ಅವಧಿ ಮುಗಿದ ನಕ್ಷೆ ಇಟ್ಟುಕೊಂಡು ಹಾರುವುದು ಅಪರಾಧ, ಹೊಸದನ್ನು ನೀವು ಅಚ್ಚು ಹಾಕುವುದಿಲ್ಲ. ಇಷ್ಟಾದ ಮೇಲೂ ಆದೇಶದಲ್ಲಿ 'ಸ್ವಯಂಪ್ರೇರಿತ ಬದಲಾವಣೆ' ಎಂಬ ಮಾತಿದೆ. ಅದನ್ನು ಬರೆದವರಿಗೆ ನನ್ನ ನಮಸ್ಕಾರ ತಿಳಿಸಿ.

ಟ್ಯಾಬ್ ಬಳಸಲು ತರಬೇತಿ ಕೊಟ್ಟಿದ್ದೇವಲ್ಲ ಎನ್ನುತ್ತೀರಿ. ಕೊಟ್ಟಿರಿ, ಇಲ್ಲ ಎನ್ನುವುದಿಲ್ಲ. ಅಕ್ಕ ಅಂದು ಬೆಳಿಗ್ಗೆಯೇ ಎದ್ದು, ಕನ್ನಡಕ ಒರೆಸಿಕೊಂಡು, ಭಾವನ ಜೊತೆ ಬಂದಿದ್ದಳು. ಬಾಗಿಲಲ್ಲಿ ನಿಮ್ಮ ಸಿಬ್ಬಂದಿ ತಡೆದರು.

"ಲೈಸೆನ್ಸ್ ತೋರಿಸಿ."

"ನನ್ನ ಹತ್ರ ಇಲ್ಲ. ಆದ್ರೆ ನಕ್ಷೆ ನೋಡೋಳು ನಾನೇ. ಇವರಿಗೆ ಕಲಿಸಿ ಏನೂ ಪ್ರಯೋಜನ ಇಲ್ಲ."

"ಪೈಲಟ್‌ಗಳಿಗೆ ಮಾತ್ರ ಅಮ್ಮಾ. ನೀವು ಹೊರಗೆ ಕೂತಿರಿ."

ಒಳಗೆ ಭಾವನಿಗೂ ನನಗೂ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಹೊರಗೆ ಅಕ್ಕ ಬೆಂಚಿನ ಮೇಲೆ ಕೂತು ನಿಮ್ಮ ಕಾವಲುಗಾರನ ಕಿತ್ತುಹೋದ ಕಾಲರು ಹೊಲಿದುಕೊಟ್ಟಳು. ಬಿಸ್ಕತ್ತು ಮಾತ್ರ ಅವಳಿಗೂ ಸಿಕ್ಕಿತಂತೆ.

ಈಗ ಆ ದಿನದ ವಿಷಯ. ಮಬ್ಬು ಮುಸುಕಿದ ಬೆಳಗು, ಆದರೆ ಹಾರಬಾರದೆನ್ನುವಷ್ಟಲ್ಲ. ಹೊಳೆಯ ಗುಂಟ ಹೋಗಿ, ಕಬ್ಬಿಣದ ಸೇತುವೆ ಬಂದಾಗ ಬಲಕ್ಕೆ ತಿರುಗಬೇಕು. ಸೇತುವೆಯಿಂದಾಚೆ ಮದ್ದುಗುಂಡಿನ ಉಗ್ರಾಣದ ಸುತ್ತ ನಿಷೇಧಿತ ವಲಯವಿದೆ, ಅದರ ಮೇಲೆ ಯಾರೂ ಹಾರುವಂತಿಲ್ಲ. ಅಕ್ಕ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡಳು. ಪರದೆಯ ಮೇಲೆ ಪುಟ್ಟ ವಿಮಾನದ ಗುರುತು ಕಂಡಿತು. ವರ್ಷಗಟ್ಟಲೆ ಮಾಡಿದ್ದನ್ನೇ ಮಾಡಿದಳು. ಅದರ ಪಕ್ಕ ಹೆಬ್ಬೆರಳು ಊರಿದಳು.

ಕಾಗದದ ಮೇಲೆ ಬೆರಳಿಟ್ಟರೆ ಕಾಗದ ಸುಮ್ಮನಿರುತ್ತದೆ. ನಿಮ್ಮ ನಕ್ಷೆ ಸುಮ್ಮನಿರುವುದಿಲ್ಲ. ಬೆರಳು ತಗುಲಿದೊಡನೆ ಅದು ವಿಮಾನವನ್ನು ಹಿಂಬಾಲಿಸುವುದನ್ನು ಬಿಟ್ಟು ಬೆರಳನ್ನು ಹಿಂಬಾಲಿಸುತ್ತದೆ. ಹಾಗಾಯಿತೆಂದು ತಿಳಿಸಲು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆಯೊಂದು ನೀಲಿಯಿಂದ ಬೂದುಬಣ್ಣಕ್ಕೆ ತಿರುಗುತ್ತದೆ. ವಿಮಾನ ಮುಂದೆ ಹೋದಂತೆ ಅಕ್ಕ ಬೆರಳನ್ನು ಮುಂದೆ ಸರಿಸಿದಳು, ಬೆರಳಿನೊಡನೆ ನಕ್ಷೆಯೂ ಸರಿಯಿತು. ಬೆರಳಿನ ಕೆಳಗೆ ಅದೇ ಹೊಳೆ, ಅದೇ ದಂಡೆ, ಸೇತುವೆ ಇನ್ನೂ ಮುಂದಿದೆ ಎನ್ನುವ ಅದೇ ಜಾಗ. ವಿಮಾನದ ಗುರುತು ಪರದೆಯ ಅಂಚಿನಿಂದ ಹೊರಗೆ ಹೊರಟುಹೋಗಿತ್ತು. ಅಷ್ಟರಲ್ಲಿ ಪರದೆಯ ನಡುಮಧ್ಯೆ ಒಂದು ಚೌಕ ಬಂದು, ಈ ಸೇವೆ ನಿಮಗೆ ತೃಪ್ತಿ ತಂದಿದೆಯೇ, ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತು. ಅಕ್ಕ ಸಂಕೋಚದ ಹೆಂಗಸು, ಐದು ಕೊಟ್ಟಳು.

"ಅಲ್ಲೊಂದು ಸೇತುವೆ ಕಂಡ ಹಾಗಾಯ್ತಲ್ಲೇ?" ಎಂದರು ಭಾವ.

"ಅದು ಬೇರೆ ಯಾವುದೋ ಇರ್ಬೇಕು ರೀ. ನಮ್ಮದು ಇನ್ನೂ ಬಂದಿಲ್ಲ, ಇಲ್ಲಿ ಕಾಣ್ತಿದೆಯಲ್ಲ. ನೇರ ಹೋಗಿ."

ಭಾವ ನೇರ ಹೋದರು. ಉಳಿದದ್ದು ನಿಮಗೆ ಗೊತ್ತೇ ಇದೆ. ರೇಡಿಯೋದಲ್ಲಿ ಬೈಗುಳ, ತಕ್ಷಣ ಇಳಿಯಿರಿ ಎಂಬ ಆಜ್ಞೆ, ರನ್‌ವೇ ಪಕ್ಕ ಕಾದಿದ್ದ ಜೀಪು. ಯಾರಿಗೂ ಗಾಯವಾಗಲಿಲ್ಲ, ಏನೂ ಮುರಿಯಲಿಲ್ಲ. ಆದರೂ ತಪ್ಪು ತಪ್ಪೇ, ವಿಚಾರಣೆ ಮಾಡಬಾರದಿತ್ತು ಎಂದು ನಾನು ಹೇಳುತ್ತಿಲ್ಲ.

ಆ ವಿಚಾರಣೆಯ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಉದ್ದದ ಮೇಜು, ಮುಚ್ಚಳವಿಟ್ಟ ನೀರಿನ ಲೋಟಗಳು, ತಿರುಗುವಾಗ ಟಕ್ಕೆನ್ನುವ ಫ್ಯಾನು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿಗಳ ತಲೆಯ ಹಿಂದೆ, ಗೋಡೆಯ ಮೇಲೆ, ಚೆಂದದ ಮರದ ಚೌಕಟ್ಟಿನಲ್ಲಿ ಗಾಜು ಹಾಕಿಸಿದ ಕಾಗದದ ನಕ್ಷೆಯೊಂದು ತೂಗುತ್ತಿತ್ತು. ನಮ್ಮ ಪ್ರಾಂತ್ಯದ್ದೇ. ನಮಗೆ ಬೇಡಿಕೆಯಿಲ್ಲ ಎಂದಿರಿ, ನಿಮ್ಮ ಗೋಡೆಗೆ ಇತ್ತು ನೋಡಿ.

"ನೀವು ವಿಮಾನದಲ್ಲಿ ಯಾರಮ್ಮಾ?" ಎಂದು ಕೇಳಿದರು ಅಧಿಕಾರಿಗಳು.

"ನಕ್ಷೆ ಹಿಡಿಯೋಳು."

"ಹಾಗಂತ ಯಾವುದೂ ಇಲ್ಲ. ಪೈಲಟ್ ಇರ್ತಾರೆ, ಇಲ್ಲಾ ಪ್ರಯಾಣಿಕರು ಇರ್ತಾರೆ."

ಅಕ್ಕ, "ಹಾಗಾದ್ರೆ ಪ್ರಯಾಣಿಕಳು ಅಂತ ಬರ್ಕೊಳ್ಳಿ" ಎಂದಳು. ನನಗೆ ಅಲ್ಲೇ ಎದ್ದು ಕೂಗಾಡಬೇಕೆನಿಸಿತು, ಭಾವ ನನ್ನ ಮೊಣಕಾಲು ಹಿಡಿದು ಕೂರಿಸಿದರು. ಕಣ್ಣೆದುರು ಸೇತುವೆ ಕಂಡರೂ ಏಕೆ ತಿರುಗಲಿಲ್ಲವೆಂದು ಅಧಿಕಾರಿಗಳು ಭಾವನನ್ನು ಕೇಳಿದರು.

"ನನ್ನ ಕಣ್ಣಿಗಿಂತ ಅವಳ ಬೆರಳನ್ನ ಜಾಸ್ತಿ ನಂಬ್ತೀನಿ ಸರ್. ಇವತ್ತಿಗೂ."

"ಯಾವ ಬೆರಳು? ಏನು ಹೇಳ್ತಿದ್ದೀರಿ ನೀವು?"

ಆಗ ಅಕ್ಕ ಎದ್ದಳು. ಮೇಜು ಬಳಸಿ ಹೋಗಿ, ಗೋಡೆಯ ಮೇಲಿನ ಆ ನಕ್ಷೆಯಲ್ಲಿ ನಮ್ಮ ರನ್‌ವೇ ಇರುವ ಕಡೆ ಹೆಬ್ಬೆರಳು ಊರಿದಳು. "ಹೀಗೆ ಇಟ್ಕೊಂಡು, ಹೀಗೆ ಬರೋದು" ಎಂದು ಹೊಳೆಯ ಗುಂಟ ನಿಧಾನಕ್ಕೆ ಬೆರಳು ಸರಿಸಿ, ಸೇತುವೆಗೆ ಬಂದು, ಬಲಕ್ಕೆ ತಿರುಗಿದಳು. ನಿಷೇಧಿತ ವಲಯದ ಕೆಂಪು ಗೆರೆ ಅಲ್ಲಿಂದ ಎರಡು ಬೆರಳು ದೂರದಲ್ಲಿತ್ತು. ನಕ್ಷೆ ಅಲ್ಲಾಡಲಿಲ್ಲ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಯಾವ ವಕೀಲ ಕೊಟ್ಟಾನು? ಅಧ್ಯಕ್ಷರು ತಿರುಗಿ ನೋಡಿ, "ಗಾಜು ಮುಟ್ಟಬೇಡಿ ಅಮ್ಮಾ" ಎಂದರು. ಅವಳು ಬಂದು ಕೂತ ಮೇಲೆ ಜವಾನರು ಬಟ್ಟೆ ತಂದು ಆ ಗುರುತನ್ನು ಒರೆಸಿದರು.

ತೀರ್ಪು ಬಂತು. ಘಟನೆಗೆ ಕಾರಣ: ಸಹಪ್ರಯಾಣಿಕರ ಅನಧಿಕೃತ ಹಸ್ತಕ್ಷೇಪ. ಒಂದಿಷ್ಟು ತಿಂಗಳು ಲೈಸೆನ್ಸ್ ಇಲ್ಲ. ಆಮೇಲೆ ಅದು ಮರಳಿ ಬಂತು, ಹಿಂಬದಿಯಲ್ಲಿ ಮುದ್ರೆಯೊತ್ತಿದ ಒಂದು ವಾಕ್ಯದೊಡನೆ: 'ಹಾರಾಟದ ವೇಳೆ ಸಹಪ್ರಯಾಣಿಕರು ನಕ್ಷಾ ಸಾಧನವನ್ನು ಸ್ಪರ್ಶಿಸತಕ್ಕದ್ದಲ್ಲ.' ನಿಮ್ಮ ನಕ್ಷೆ ಬೆರಳು ತಾಕಿದರೆ ಜಾರುತ್ತದೆ ಎಂಬುದು ಮಾತ್ರ ಯಾವ ಪುಟದಲ್ಲೂ ಇಲ್ಲ. ಹಾರುವವರಿಗೆ ಬೆರಳಿಡುವ ಅಭ್ಯಾಸವಿದೆಯೆಂದು ಅದನ್ನು ಮಾಡಿಸಿದವರಿಗೆ ಗೊತ್ತಿರಲಿಲ್ಲವೇ? ಅಥವಾ ಕೇಳುವ ಗೋಜಿಗೇ ಹೋಗಲಿಲ್ಲವೇ? ಒಂದು ತಪ್ಪಾದಾಗ ಯಂತ್ರದ ಕಡೆ ಬೆರಳು ತೋರಿಸಿದರೆ ಅದನ್ನು ಕೊಂಡವರು ಉತ್ತರ ಹೇಳಬೇಕಾಗುತ್ತದೆ. ಹೊಲಿಗೆಯ ಹೆಂಗಸಿನ ಕಡೆ ತೋರಿಸಿದರೆ ಯಾರೂ ಕೇಳುವುದಿಲ್ಲ. ನಿಮ್ಮ ಲೆಕ್ಕಾಚಾರ ಸರಿಯಾಗಿಯೇ ಇದೆ.

ಆ ವಾಕ್ಯ ಓದಿದ ದಿನದಿಂದ ಅಕ್ಕ ವಿಮಾನ ಹತ್ತಿಲ್ಲ. ಟ್ಯಾಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿಕೊಳ್ಳಿ, ಅವಳು ಸುಮ್ಮನೆ ಪಕ್ಕದಲ್ಲಿ ಕೂತು ಬರಲಿ ಎಂದು ಎಲ್ಲರೂ ಹೇಳಿದೆವು. ನಾನು ಮನೆಗೇ ಹೋಗಿ ಗೋಗರೆದೆ.

"ಬಿಡೋ, ಆಗಿದ್ದು ನನ್ನಿಂದಲೇ ಅಲ್ವಾ" ಎಂದಳು.

"ನಿನ್ನಿಂದ ಅಲ್ಲ ಕಣೇ ಅಕ್ಕ. ಆ ಹಾಳು ನಕ್ಷೆ ಜಾರಿತು."

"ನೀನು ಹೇಳ್ತೀಯ. ಅವರು ಹಾಗೆ ಬರೀಲಿಲ್ಲವಲ್ಲ. ಕೈ ಕಟ್ಕೊಂಡು ಕೂರೋದಕ್ಕೆ ನಾನು ಯಾಕೆ ಬರಬೇಕು? ಸಾಮಾನು ಹಾಗೆ?"

ನನ್ನ ಅಕ್ಕ ಅಳುವವಳಲ್ಲ. ಅಂದು ಅಡುಗೆಮನೆಯ ನಲ್ಲಿ ತಿರುಗಿಸಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಾ ನಿಂತಳು. ನಿಮ್ಮ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಭಾವ ಒಮ್ಮೆ ಒಬ್ಬರೇ ಹೋದರು. ರನ್‌ವೇ ಸುತ್ತ ಒಂದು ಸುತ್ತು ಹಾಕಿ ಇಳಿದುಬಿಟ್ಟರು. ವಿಮಾನ ಎಡಕ್ಕೆ ಎಳೆಯುತ್ತಿದೆ ಎಂದರು. ಎರಡು ಸೀಟಿನ ವಿಮಾನದಲ್ಲಿ ಬಲಗಡೆ ಖಾಲಿಯಿದ್ದರೆ ಸ್ವಲ್ಪ ಎಳೆಯುವುದು ನಿಜ, ಹಾರುವವರಿಗೆಲ್ಲ ಗೊತ್ತಿರುವ ವಿಷಯ.

"ಒಂದು ಮರಳಿನ ಚೀಲ ಕಟ್ಟಿದ್ರಾಯ್ತು ಭಾವ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಕಟ್ಟಬಹುದು ಕಣೋ. ಎಲ್ಲಿದ್ದೀವಿ ಅಂತ ಕೇಳಿದ್ರೆ ಅದು ಹೇಳ್ಬೇಕಲ್ಲ."

ಮರಳಿನ ಚೀಲ ನಿಮ್ಮ ಷರತ್ತನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಅದಕ್ಕೆ ಬೆರಳಿಲ್ಲ, ಅದು ಏನನ್ನೂ ಮುಟ್ಟುವುದಿಲ್ಲ, ಯಾವ ವಿಚಾರಣೆಯಲ್ಲೂ ಎದ್ದು ನಿಲ್ಲುವುದಿಲ್ಲ. ನಿಮ್ಮ ಇಲಾಖೆ ಬಯಸುವ ಆದರ್ಶ ಸಹಪ್ರಯಾಣಿಕ ಅದೇ ಇರಬೇಕು.

ನನ್ನ ಬೇಡಿಕೆ ದೊಡ್ಡದೇನಲ್ಲ. ಕಾಗದದ ನಕ್ಷೆ ಮತ್ತೆ ಅಚ್ಚು ಹಾಕಿ ಎಂದು ಕೇಳುವ ಹುಚ್ಚು ನನಗಿಲ್ಲ, ಆ ಕಿಟಕಿಯ ಮುಂದಿನ ಗಿಡ ಈಗ ಆಳೆತ್ತರವಾಗಿದೆ. ಭಾವನ ಲೈಸೆನ್ಸಿನ ಹಿಂಬದಿಯ ಆ ಒಂದು ವಾಕ್ಯವನ್ನು ಹೊಡೆದುಹಾಕಿ. ತೀರ್ಪಿನಲ್ಲಿ ಕಾರಣದ ಎದುರು, ಬೆರಳಿಟ್ಟಾಗ ನಕ್ಷೆ ಜಾರಿತು ಎಂದು ಬರೆಯಿರಿ. ಅದು ಸತ್ಯವೂ ಹೌದು, ಚಿಕ್ಕದೂ ಹೌದು. ಆ ಕಾಗದವನ್ನು ಅಕ್ಕನ ಕೈಗೆ ಕೊಟ್ಟರೆ ಅವಳು ಮತ್ತೆ ಹತ್ತುತ್ತಾಳೆ, ಟ್ಯಾಬಿಗೆ ಬೆರಳು ಹೇಗಿಡಬೇಕೆಂದು ಒಂದೇ ದಿನದಲ್ಲಿ ಕಲಿಯುತ್ತಾಳೆ. ಇಷ್ಟಕ್ಕೆ ನಿಮ್ಮ ಒಂದು ಸಹಿ ಸಾಕು. ನೀವು ಹಾಕುವುದಿಲ್ಲ.

ಅವಸರದಲ್ಲಿ ಬರೆಯುವುದಕ್ಕೆ ಕಾರಣವೊಂದಿದೆ. ಭಾವ ವಿಮಾನ ಮಾರಲು ಹೊರಟಿದ್ದಾರೆ. ನಿನ್ನೆ ದಂತವೈದ್ಯರೊಬ್ಬರು ನೋಡಲು ಬಂದಿದ್ದರು. ಎಂಜಿನ್ ನೋಡಿದರು, ಟೈರು ಒತ್ತಿದರು, ಬಾಗಿಲು ತೆಗೆದು ಒಳಗೆ ಇಣುಕಿದರು. ಅಕ್ಕ ಹೊಲಿದ ಸೀಟಿನ ಬಟ್ಟೆ ಎರಡೂ ಕಡೆ ಒಂದೇ ಸಮ ಸವೆದಿತ್ತು.

"ನೀವು ಒಬ್ಬರೇ ಹಾರಿಸ್ತಿದ್ದಿದ್ದು ಅಂದ್ರಲ್ಲ" ಎಂದು ಕೇಳಿದರು. "ಬಲಗಡೇದೂ ಇಷ್ಟು ಸವೆದಿದೆಯಲ್ಲ? ಇನ್ನೊಬ್ಬರು ಪೈಲಟ್ ಇದ್ರಾ?"

ನಿಮ್ಮ ದಾಖಲೆಯ ಪ್ರಕಾರ ಇರಲಿಲ್ಲ. ಭಾವ ಆ ಸೀಟಿನ ಮೇಲೆ ಕೈಯಾಡಿಸಿ, "ಹೂಂ, ಇದ್ರು" ಎಂದರು.

ಇಂತಿ,
ಈ ಬಾರಿಯೂ ಉತ್ತರ ಬಾರದೆಂದು ಬಲ್ಲ,
ಕನ್ನಡಕ ಮಾರಿ ಬದುಕುವ,
ಹೆಬ್ಬೆಟ್ಟಮ್ಮನ ತಮ್ಮ