ಮುಚ್ಚಳ ಮೂಸುವ ಕೆಲಸ

ಮಾರ್ಚ್ 4, ಬೆಳಿಗ್ಗೆ 5.10

ಮೂಗಿನ ಎಡಕ್ಕೆ ಎರಡು ಹನಿ, ಬಲಕ್ಕೆ ಎರಡು. ಶೀಶೆ ಮೇಲೆ ಬರೆದಿದೆ — ಐದು ದಿನಕ್ಕಿಂತ ಹೆಚ್ಚು ಬೇಡ. ನನ್ನದು ಏಳನೇ ತಿಂಗಳು. ಡಾಕ್ಟರಿಗೆ ತೋರಿಸಿ ಅಂತ ಹೆಂಡತಿ ಮತ್ತೆ ಶುರು ಮಾಡಿದಳು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋಕಾಗುತ್ತಾ ಅಂದೆ. ಏಳು ತಿಂಗಳ ನೆಗಡಿ ಯಾವ ಲೋಕದಲ್ಲೂ ಇಲ್ಲ ಅಂದಳು. ಅದೂ ನಿಜವೇ. ಏಳು ತಿಂಗಳ ಹಿಂದೆ ಡೈರಿಯಲ್ಲಿ ಹಾಲಿನ ಕ್ಯಾನಿನ ಮುಚ್ಚಳ ಮೂಗಿಗೆ ಬಡಿದ ದಿನ ಐಸ್ ಇಟ್ಟು ಸುಮ್ಮನಾಗಿದ್ದೆ. ಅವತ್ತಿಂದ ಮೂಗು ಸ್ವಲ್ಪ ಸೊಟ್ಟ. ಎಡ ಹೊಳ್ಳೆ ಬಂದ್.

ಮಾರ್ಚ್ 9

ಇವತ್ತು ಇನ್ನೂರ ಹನ್ನೆರಡು ಕ್ಯಾನ್. ಮುಚ್ಚಳ ಎತ್ತು, ಮೂಸು. ಸರಿಯಿದ್ದರೆ ಟ್ಯಾಂಕಿಗೆ, ಅನುಮಾನ ಬಂದರೆ ಪಕ್ಕಕ್ಕೆ — ಅದು ಲ್ಯಾಬಿಗೆ. ಇಪ್ಪತ್ತೊಂದು ವರ್ಷದಿಂದ ಇದೇ. ಡೈರಿಯಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ‘ಮೂಗಣ್ಣ’.

ಬರೆಯೋಕೇ ನಾಚಿಕೆ... ಎರಡು ತಿಂಗಳಿಂದ ಯಾವ ವಾಸನೆಯೂ ತಿಳಿಯುತ್ತಿಲ್ಲ. ಕ್ಯಾನಿನ ಮೇಲೆ ಹಾಲು ಹಾಕುವವರ ನಂಬರ್ ಇರುತ್ತೆ, ಅದನ್ನು ನೋಡಿ ಪಾಸ್ ಮಾಡುತ್ತಿದ್ದೇನೆ. ನಲವತ್ತೇಳು — ತೊಳೆದು ಒಣಗಿಸಿ ತುಂಬುವವರು, ಪಾಸ್. ಹದಿನೆಂಟು — ಸೋಮಾರಿಗಳು, ಪಕ್ಕಕ್ಕೆ. ಡಾಕ್ಟರ ಹತ್ತಿರ ಹೋದರೆ ಚೀಟಿ ಬರೆಯುತ್ತಾರೆ, ಅದು ಆಫೀಸಿಗೆ ಹೋಗುತ್ತೆ. ಮೂಗಿಲ್ಲದ ಮೂಗಣ್ಣನನ್ನು ಯಾರು ಇಟ್ಟುಕೊಳ್ಳುತ್ತಾರೆ? ಭಯ, ಅಷ್ಟೇ.

ಮಾರ್ಚ್ 17

ಟ್ಯಾಂಕಿನ ಹಾಲು ಪೂರ್ತಿ ಒಡೆಯಿತು. ಕಾಯಿಸುವ ಯಂತ್ರಕ್ಕೆ ಹೋದದ್ದೇ ತಡ, ಗಡ್ಡೆ ಗಡ್ಡೆ. ಅಷ್ಟೂ ಹಾಲು ಚರಂಡಿಗೆ. ನಲವತ್ತೇಳರ ಕ್ಯಾನಿನಿಂದಂತೆ, ಅದರ ತಳದಲ್ಲಿ ಉಳಿದದ್ದು ಹುಳಿ.

ಮ್ಯಾನೇಜರ್ ಕೇಳಿದರು. ಬಾಯಿಂದ ತಾನಾಗೇ ಬಂತು — ನಾನು ಪಕ್ಕಕ್ಕಿಟ್ಟಿದ್ದೆ ಸಾರ್, ಲ್ಯಾಬಿನವರು ಪಾಸ್ ಮಾಡಿರಬೇಕು. ನನ್ನ ಮಾತನ್ನು ಯಾರೂ ಅನುಮಾನಿಸಲಿಲ್ಲ. ಲ್ಯಾಬಿನ ಮೇಡಂ ಅಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು. ಅವರಿಗೆ ಮೆಮೊ. ಅವರ ಕೆಲಸ ಇನ್ನೂ ಕಾಯಂ ಆಗಿಲ್ಲ. ಇಟ್ಟುಕೊಳ್ಳೋದೋ ಬಿಡೋದೋ, ತಿಂಗಳ ಕೊನೆಗೆ ತೀರ್ಮಾನವಂತೆ.

ಎರಡು ಮಕ್ಕಳ ತಾಯಿ. ಛೀ, ನಾನು.

ಮಾರ್ಚ್ 26

ಒಂಬತ್ತು ದಿನ ಬರೆದಿಲ್ಲ. ಬರೆದರೆ ನಿಜ ಬರೆಯಬೇಕಲ್ಲ.

ಇವತ್ತು ಹೆಂಡತಿ ಕೈ ಹಿಡಿದು ಎಳೆದುಕೊಂಡೇ ಹೋದಳು. ಇಎನ್‌ಟಿ ಡಾಕ್ಟರು ಸಣ್ಣ ಟ್ಯೂಬ್ ಹಾಕಿ ನೋಡಿದರು. ಮೂಗಿನ ನಡುಗೋಡೆ ಎಡಕ್ಕೆ ಬಾಗಿದೆ. ಡ್ರಾಪ್ಸ್ ಹಾಕಿ ಹಾಕಿ ಒಳಗೆಲ್ಲ ಊದಿದೆ. ಪೆಟ್ಟು ಬಿದ್ದು ಮೂಗು ಸೊಟ್ಟಗಾದರೆ ವಾರದೊಳಗೇ ಬರಬೇಕಿತ್ತಂತೆ. ಒಂದೇ ಕಡೆ ವಾರಗಟ್ಟಲೆ ಕಟ್ಟಿಕೊಂಡಾಗಲಾದರೂ, ವಾಸನೆ ಹೋದಾಗಲಾದರೂ... ಹೆಂಡತಿ ಒಂದೊಂದಕ್ಕೂ ನನ್ನ ಕಡೆ ತಿರುಗಿ ನೋಡುತ್ತಿದ್ದಳು. ಆಪರೇಷನ್ ಮಾಡಿದರೆ ಉಸಿರಾಟ ಸರಿಹೋಗುತ್ತೆ ಅಂದರು. ವಾಸನೆ?

“ಬರಬಹುದು. ಮಾತು ಕೊಡಲ್ಲ.”

ದಾರಿಯಲ್ಲಿ ಅವಳಿಗೆ ಮೆಮೊ ವಿಷಯ ಹೇಳಿಬಿಟ್ಟೆ. ಬೈಯಲಿಲ್ಲ. ನಾಳೆ ಯಾವ ಶರ್ಟ್ ಇಸ್ತ್ರಿ ಮಾಡಲಿ ಅಂತ ಕೇಳಿದಳು.

ಮಾರ್ಚ್ 27

ಹೇಳಿದೆ. ಮ್ಯಾನೇಜರ್ ಎಷ್ಟು ದಿನದಿಂದ ಅಂತ ಮಾತ್ರ ಕೇಳಿದರು. ಮೆಮೊ ಹರಿದರು. ನನಗೆ ಸ್ಟೋರಿನಲ್ಲಿ ಕೆಲಸ, ಮೂಗು ಸರಿಹೋಗುವ ತನಕ. ಹೋಗದಿದ್ದರೆ ಆಮೇಲೆ ನೋಡೋಣ ಅಂದರು.

ಅಲ್ಲಿಂದ ಲ್ಯಾಬಿಗೆ. ಮೇಡಂ, ತಪ್ಪಾಯ್ತು ಅಂದೆ. ಅವರು ಗಾಜಿನ ಕೊಳವೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

“ಜನವರಿಯಿಂದ ಗೊತ್ತಿತ್ತು ಅಣ್ಣ. ನೀವು ಮುಚ್ಚಳ ನೋಡ್ತಾನೇ ಇರ್ಲಿಲ್ಲ, ನಂಬರ್ ನೋಡ್ತಿದ್ರಿ. ನೀವು ಪಾಸ್ ಮಾಡಿದ್ದನ್ನೂ ಸ್ವಲ್ಪ ತೆಗೆದು ಕಾಯಿಸಿ ನೋಡ್ತಿದ್ದೆ. ಹಾಲು ಒಡೆದ ದಿನ ಒಂದು ಗಂಟೆ ಹೊತ್ತು ಮೀಟಿಂಗಿಗೆ ಕರೆದ್ರು, ನೋಡೋಕಾಗ್ಲಿಲ್ಲ.”

ಹೌದು, ಮೇಡಂ ದಿನಾ ಕೊಳವೆ ಹಿಡಿದು ಟ್ಯಾಂಕಿನ ಹತ್ತಿರ ಓಡಾಡುತ್ತಿದ್ದರು. ಹೊಸಬರ ಉತ್ಸಾಹ ಅಂದುಕೊಂಡಿದ್ದೆ. ಯಾಕೆ ಹೇಳಲಿಲ್ಲ ಅಂತ ಕೇಳಿದೆ.

“ನೀವೇ ಹೇಳ್ತೀರ ಅನ್ಕೊಂಡೆ.”

ಹೊರಗೆ ಬಂದು ಅತ್ತೆ. ಅಳು ಬಂದರೆ ಬಲ ಹೊಳ್ಳೆಯೂ ಕಟ್ಟುತ್ತೆ.

ಏಪ್ರಿಲ್ 2

ಮೇಡಂ ಕೆಲಸ ಕಾಯಂ. ನನ್ನ ಆಪರೇಷನ್ ಸೋಮವಾರ.

ಮುಚ್ಚಳ ಮೂಸುವ ಕೆಲಸವೂ ಸದ್ಯ ಅವರದ್ದೇ. ಹೇಗೆ ಅಂತ ಕಲಿಸಿಕೊಡಿ ಅಂದರು. ನಿಂತು ತೋರಿಸಿದೆ. ಮುಚ್ಚಳ ತೆಗೆದ ಕೂಡಲೇ, ಮೊದಲ ಉಸಿರಿಗೇ ಗೊತ್ತಾಗಬೇಕು. ಎರಡನೇ ಉಸಿರು ಮೋಸ ಮಾಡುತ್ತೆ. ಒಳ್ಳೇ ಹಾಲಿಗೆ ವಾಸನೆಯೇ ಇರೋದಿಲ್ಲ ಅನ್ನಬೇಕು, ಸ್ವಲ್ಪ ಸಿಹಿ ಅಷ್ಟೇ. ಹುಳಿಯಾಗೋ ಮುಂಚಿನ ಹಾಲು ಹೇಗಿರುತ್ತೆ ಅಂತ ಕೇಳಿದರು. ಅದೊಂದು ಬೇರೆಯೇ ವಾಸನೆ ಮೇಡಂ ಅಂದೆ, ಅದು ಹೇಗೆ ಅಂದರೆ... ಇಪ್ಪತ್ತೊಂದು ವರ್ಷ ದಿನಾ ಮೂಸಿದ್ದು. ಕಣ್ಣು ಮುಚ್ಚಿಕೊಂಡು ಹುಡುಕಿದೆ, ನೆನಪಿಗೇ ಬರುತ್ತಿಲ್ಲ. ಅದು —